ಗೋಡೆಯೊಳಗಿನ ಗಾದಿ

ನಮ್ಮ ಅಪ್ಪ ಬೀದರ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನಾಗಿದ್ದ. ಹಗಲೆಲ್ಲ ಸರಕಾರದ ಕಾಗದ ನಕಲು ಮಾಡಿ, ಸಂಜೆ ಮನೆಗೆ ಬಂದು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು, ಕಿಟಕಿಯ ಪಕ್ಕ ಕೂತು ತನ್ನದೇ ಒಂದು ರಾಜ್ಯ ಕಟ್ಟುತ್ತಿದ್ದ. ನಿಜಾಮರ ಆಳಿಕೆಯ ಕೊನೆಯ ದಿನಗಳವು. ಹೊರಗೆ ನಿಜವಾದ ರಾಜ್ಯವೊಂದು ಕುಸಿಯುವುದರಲ್ಲಿತ್ತು. ಅಪ್ಪನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ, ತನ್ನ ರಾಜ್ಯದ ಏಳನೆಯ ಕೋಟೆಗೋಡೆ ಎಬ್ಬಿಸುವುದರಲ್ಲಿ ಮುಳುಗಿದ್ದ.

ಕಥೆ ಕನ್ನಡದ್ದು, ಬರೆದದ್ದು ಉರ್ದು ಅಕ್ಷರದಲ್ಲಿ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗುವಂಥದ್ದೇನಿಲ್ಲ. ಅಪ್ಪ ಕಲಿತ ಶಾಲೆಯಲ್ಲಿ ಬೇರೆ ಅಕ್ಷರ ಕಲಿಸಲೇ ಇಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ಮರಾಠಿ ಎರಡೂ, ಕಾಗದದ ಮೇಲೆ ಮಾತ್ರ ಉರ್ದು. ಹೀಗಾಗಿ ಬಲದಿಂದ ಎಡಕ್ಕೆ ಓಡುವ ಆ ಅಕ್ಷರಗಳಲ್ಲಿ ನಮ್ಮ ಅಡುಗೆಮನೆಯ ಮಾತನ್ನೇ ತುಂಬಿದ್ದ. ಅವನ ಕಥೆಯ ರಾಜ ಅವ್ವ ಬಡಿಯುವಂಥ ರೊಟ್ಟಿ ತಿನ್ನುತ್ತಿದ್ದ, ಸಿಟ್ಟು ಬಂದರೆ ನಮ್ಮ ಓಣಿಯವರ ಹಾಗೆಯೇ ಬೈಯುತ್ತಿದ್ದ.

ಆ ಕೋಟೆಗೆ ಏಳು ಗೋಡೆ. ಒಂದೊಂದು ಗೋಡೆಯೊಳಗೆ ಒಂದೊಂದು ಕಾಲ. ಒಂದರಲ್ಲಿ ಸದಾ ಮಳೆ, ಇನ್ನೊಂದರಲ್ಲಿ ಸದಾ ಚಳಿ, ಮತ್ತೊಂದರಲ್ಲಿ ಬೆಳಗೇ ಆಗುವುದಿಲ್ಲ. ನಡುವಿನ ಅಂಗಳದಲ್ಲಿ ರಾಜ ಕೂರುವ ಗಾದಿ. ಅದು ಬಂಗಾರದ್ದಲ್ಲ, ನಮ್ಮೂರಿನ ಬಿದರಿ ಕೆಲಸದವರು ಹೂಜಿ ಮಾಡುವ ಲೋಹದ್ದೇ. ಕೋಟೆಯ ಮಣ್ಣು ಹಚ್ಚಿ ತಿಕ್ಕಿದರೆ ಆ ಲೋಹ ಕಪ್ಪಾಗಿ, ಬೆಳ್ಳಿಯ ಹೂ ಮಾತ್ರ ಬೆಳ್ಳಗೆ ಉಳಿಯುತ್ತದೆ. ಅಪ್ಪ ಕಥೆಯಲ್ಲಿ ಅದನ್ನು ತಿರುವುಮುರುವು ಮಾಡಿದ್ದ. ಸುಳ್ಳು ಹೇಳಿದವನು ಆ ಗಾದಿಯನ್ನು ಮುಟ್ಟಿದರೆ ಅವನ ಅಂಗೈ ಕಪ್ಪಾಗುತ್ತಿತ್ತು, ಏನು ಹಾಕಿ ತೊಳೆದರೂ ಹೋಗುತ್ತಿರಲಿಲ್ಲ. ಮುದಿರಾಜ ಹಾಸಿಗೆ ಹಿಡಿದಿದ್ದ. ಹುಲಿ ಏರಿ ಬರುವ ಹಿರಿಯ ಮಗ, ಹಕ್ಕಿಗಳ ಮಾತು ಬಲ್ಲ ಕಿರಿಯ ಮಗ, ನೆಲದೊಳಗಿನ ಸುರಂಗದಲ್ಲಿ ಹರಿಯುವ ನೀರಿನ ಜೊತೆ ಮಾತಾಡುವ ಮಗಳು, ಈ ಮೂವರಲ್ಲಿ ಗಾದಿ ಯಾರಿಗೆ? ವರ್ಷಗಟ್ಟಲೆ ಅಪ್ಪ ಇದನ್ನೇ ಬರೆದ.

ದಿನದ ಬರಹವನ್ನು ಕತ್ತಲಾಗುವ ಮುನ್ನ ಓದಿ ಹೇಳುತ್ತಿದ್ದ. ಕೇಳುವವರು ಮೂವರು. ನಾನು, ರೊಟ್ಟಿಯ ಹಿಟ್ಟು ನಾದುತ್ತ ಅವ್ವ, ಕಟ್ಟೆಯ ಮೇಲೆ ಎದುರು ಮನೆಯ ಉಸ್ತಾದರು. ಅರ್ಜಿ, ಮದುವೆಯ ಕಾಗದ, ಗೋರಿಯ ಮೇಲಿನ ಬರಹ, ಏನೇ ಇದ್ದರೂ ಚೆಂದಾಗಿ ಬರೆದುಕೊಡುವ ಮುದುಕರು ಅವರು. ಅಪ್ಪನಿಗೆ ಜೊಂಡಿನ ಲೇಖನಿ ಕೆತ್ತಿ ಕೊಡುತ್ತಿದ್ದವರೂ ಅವರೇ. ಒಂದು ಸಂಜೆ ಹೇಳಿದರು, "ಅರೇ ಭಾಯಿ, ನಿಮ್ಮ ಶಹಜಾದಿ ನೀರಿನ ಜೋಡಿ ಮಾತಾಡ್ತಾಳ, ಮನುಷ್ಯಾರ ಜೋಡಿ ಯಾಕ ಆಡೂದಿಲ್ಲ? ಮೂಗಿ ಏನ್ರಿ ಆಕಿ?" ಅಪ್ಪ ನಕ್ಕ. ಮರುದಿನದಿಂದ ರಾಜಕುಮಾರಿಗೆ ಬಾಯಿ ಬಂತು. ನನಗೆ ಅವಳೆಂದರೆ ಜೀವ.

ಅಲಿಫ್ ಬೇ ನನಗೆ ಕಲಿಸಿದ್ದು ಅಪ್ಪನೇ. ಹತ್ತು ವರ್ಷಕ್ಕೆ ಅಪ್ಪನ ಅಕ್ಷರವನ್ನು ಸಲೀಸಾಗಿ ಓದುತ್ತಿದ್ದೆ. ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಅದಕ್ಕೆ ಅವಳು ನಾಚಿಕೊಂಡದ್ದನ್ನು ನಾನು ಕಂಡಿಲ್ಲ. "ನೀ ಓದು, ನಾ ಕೇಳ್ತೇನಿ. ಕಿವಿಗೇನು ಸಾಲಿ ಬೇಕೇನು?" ಅನ್ನುತ್ತಿದ್ದಳು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಭಾಲ್ಕಿ ಕಡೆ ಹಲಬರ್ಗಾ ದಾಟಿ ಒಂದು ಹಳ್ಳಿಯ ಮಾಲಿ ಪಾಟೀಲ. ಊರಿನ ಕಂದಾಯ ಎತ್ತುವ ಹಕ್ಕು, ಜಾತ್ರೆಯಲ್ಲಿ ಮೊದಲ ಕಾಯಿ ಒಡೆಯುವ ಮಾನ, ಪಂಚಾಯಿತಿಯ ನಡುವಿನ ಜಾಗ, ಎಲ್ಲ ಅವನದು. ಮೀಸೆ ತಿರುವಿಕೊಂಡು ಬಂದರೆ ನಮ್ಮ ಸಣ್ಣ ಮನೆ ಇನ್ನೂ ಸಣ್ಣದಾಗುತ್ತಿತ್ತು. ಆ ಪಾಟೀಲಕಿಯ ಮೇಲೆ ದಾಯಾದಿಗಳ ಕಣ್ಣು ಎರಡು ತಲೆಮಾರಿನಿಂದ ಇತ್ತು. ಅವರನ್ನು ತಡೆದದ್ದು ಒಂದೇ ಒಂದು ಕಾಗದ, ನಮ್ಮ ಮುತ್ತಜ್ಜನಿಗೆ ಸರಕಾರ ಕೊಟ್ಟ ಸನದು. ದೊಡ್ಡಪ್ಪ ತನ್ನ ಮಗನಿಗೆ ಮೀಸೆ ಮೂಡುವ ಮೊದಲೇ ಅವನನ್ನು ಪಾಟೀಲರೇ ಎಂದು ಕರೆಯಲು ಆಳುಗಳಿಗೆ ಹೇಳಿಕೊಟ್ಟಿದ್ದ. ಕೂಸು ಹುಟ್ಟುವ ಮುನ್ನ ಕುಲಾವಿ ಎಂದು ಅವ್ವ ಒಳಗೊಳಗೇ ನಗುತ್ತಿದ್ದಳು.

ಅವನ ಎದುರು ನಗುವ ಹಾಗಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ತಮ್ಮನ ಹೆಂಡತಿ ಭಾವನ ಮುಂದೆ ಬರಬಾರದು. ಬಾಗಿಲ ಮರೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತು, ಮಕ್ಕಳ ಮುಖಾಂತರ ಹೇಳಬೇಕು. "ರೊಟ್ಟಿ ಇನ್ನೊಂದು ಹಾಕ್ಲೇನು ಕೇಳು ನಿಮ್ಮ ದೊಡ್ಡಪ್ಪಗ." "ಸಾಕಂತ ಹೇಳು ನಿಮ್ಮವ್ವಗ." ಎರಡು ಮಾರು ದೂರದಲ್ಲಿ ಇಬ್ಬರಿಗೂ ಎಲ್ಲ ಕೇಳುತ್ತಿತ್ತು. ಆದರೂ ನಡುವೆ ನಿಂತು ಗಿಣಿಯ ಹಾಗೆ ನಾನು ಹೇಳಬೇಕು. ನಾನು ಹುಟ್ಟುವ ಮೊದಲು ಆ ಕೆಲಸ ಯಾರು ಮಾಡುತ್ತಿದ್ದರೋ ದೇವರಿಗೇ ಗೊತ್ತು.

ಶ್ರಾವಣದಲ್ಲಿ ದೊಡ್ಡಪ್ಪ ಗಾಡಿ ಹೂಡಿಕೊಂಡು ಬಂದ. ನಿಜಾಮರ ಪರ ಆಯುಧ ಹಿಡಿದ ರಜಾಕಾರರು ಹಳ್ಳಿಗಳಲ್ಲಿ ಪಾಟೀಲರ ವಾಡೆಗಳಿಗೆ ನುಗ್ಗುತ್ತಿದ್ದ ದಿನಗಳು. ಹುಲ್ಲಿನ ಕೆಳಗಿನಿಂದ ಕೆಂಪು ಅರಿವೆಯ ಒಂದು ಗಂಟು ತೆಗೆದು ಅಪ್ಪನ ಕೈಗಿಟ್ಟ. ಸನದು, ಅದರ ಜೊತೆ ಹಳೆಯ ಪಹಣಿ, ರಸೀದಿ. "ನೀ ಕಚೇರಿ ಮನಷ್ಯಾ. ನಿನ್ನ ಮನಿ ಯಾರೂ ಮುಟ್ಟೂದಿಲ್ಲ. ಇದು ನಮ್ಮ ಮನಿತನದ ಗಾದಿ ಅದ. ಜೀವ ಹೋದ್ರೂ ಇದು ಹೋಗಬಾರ್ದು" ಅಂದ. ಆಮೇಲೆ ಕಿಟಕಿಯ ಪಕ್ಕ ಓದುತ್ತ ಕೂತ ನನ್ನನ್ನು ನೋಡಿ, "ಹೆಣ್ಣಹುಡುಗಿಗಿ ಅಲಿಫ್ ಬೇ ಯಾಕೋ ತಮ್ಮಾ? ನಾಳೆ ಪಾಟೀಲಕಿ ಮಾಡ್ತಾಳೇನು? ಬಿಡ್ಸು ಅದನ್ನ" ಅಂದ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನನಗೆ ಮೈ ಉರಿಯಿತು. ಆ ಉರಿ ನೆನಪಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ತನ್ನ ಕಥೆಯನ್ನೂ ಕಚೇರಿಯ ಕೆಂಪು ಅರಿವೆಯಲ್ಲೇ ಕಟ್ಟಿಡುತ್ತಿದ್ದ. ಎರಡು ಗಂಟು ಒಂದೇ ಅಟ್ಟದ ಮೇಲೆ ಕೂತವು. ಗಾತ್ರವೂ ಹೆಚ್ಚುಕಡಿಮೆ ಒಂದೇ.

ಗಣೇಶ ಚೌತಿ ಮುಗಿದ ಮೇಲೆ ಕಚೇರಿಯವರು ಯಾವುದೋ ದಾಖಲೆ ನಕಲಿಗೆ ಅಪ್ಪನನ್ನು ಔರಾದಕ್ಕೆ ಕಳಿಸಿದರು. ಹೊರಡುವ ಹಿಂದಿನ ಸಂಜೆ ಬರೆದ ಪುಟದಲ್ಲಿ ಮುದಿರಾಜ ಕಣ್ಣು ಮುಚ್ಚಿದ್ದ. ಬೆಳಗಾದರೆ ಮೂವರು ಮಕ್ಕಳೂ ಗಾದಿ ಮುಟ್ಟಬೇಕು. "ಯಾರ ಕೈ ಕಪ್ಪಾಗ್ತದಪ್ಪ?" ಎಂದು ಕೇಳಿದೆ. "ಬಂದು ಬರಿತೇನಿ, ತಡಕೋ" ಅಂದ.

ಅವನು ಹೋದ ಎರಡನೆಯ ದಿನಕ್ಕೆ ವಿಮಾನದ ಸದ್ದು ಕೇಳಿತು. ಪೋಲೀಸ್ ಆ್ಯಕ್ಷನ್ ಶುರುವಾಗಿತ್ತು. ವಾರ ತುಂಬುವುದರೊಳಗೆ ನಿಜಾಮರ ರಾಜ್ಯ ಮುಗಿಯಿತು, ಹಿಂದೂಸ್ತಾನದ ಫೌಜು ಊರೊಳಗೆ ಬಂತು. ಅಲ್ಲಿಯವರೆಗೆ ನಾವು ಬಾಗಿಲಿಗೆ ಅಗಳಿ ಹಾಕಿ ಕೂತಿದ್ದೆವು, ಅಲ್ಲಿಂದ ಎದುರು ಮನೆಯವರು ಹಾಕಿಕೊಂಡರು. ಆಮೇಲಿನ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಏನೇನಾಯಿತೋ ಅದನ್ನು ಯಾರೂ ಇವತ್ತಿಗೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ಕಂಡದ್ದಿಷ್ಟೇ. ಒಂದು ಮುಂಜಾನೆ ಉಸ್ತಾದರ ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಕೊಡದ ತುಂಬ ನೀರು, ಮಣೆಯ ಮೇಲೆ ಅರ್ಧ ಕೆತ್ತಿದ ಲೇಖನಿ. ಮನುಷ್ಯರಿರಲಿಲ್ಲ. ಅವರು ಎಲ್ಲಿ ಹೋದರೆಂದು ಕೇಳುವ ಧೈರ್ಯ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅದೇ ಮುಂಜಾನೆ ಪಕ್ಕದ ಮನೆಯಾಕೆ ಓಡಿ ಬಂದಳು. ಉರ್ದು ಕಾಗದ ಸಿಕ್ಕವರನ್ನು ರಜಾಕಾರರ ಕಡೆಯವರೆಂದು ಹಿಡಿದೊಯ್ಯುತ್ತಾರಂತೆ, ನಿಜಾಮನ ಪಗಾರ ತಿಂದವರ ಪಟ್ಟಿಯೇ ಆಗಿದೆಯಂತೆ. ನಿಜವೋ ಸುಳ್ಳೋ, ಓಣಿಯ ಮನೆಮನೆಯಲ್ಲೂ ಕಾಗದ ಸುಡುವ ವಾಸನೆ. ಅಪ್ಪನ ಸುದ್ದಿಯಿಲ್ಲ. ಅವ್ವ ಒಂದು ಗಳಿಗೆ ನಡುಮನೆಯಲ್ಲಿ ನಿಂತಳು. ಆಮೇಲೆ ನೀರೊಲೆ ಹೊತ್ತಿಸಿದಳು, ಬುಟ್ಟಿಯಲ್ಲಿ ಮಣ್ಣು ಕಲಸಿದಳು. ಗೋಡೆಯಲ್ಲಿ ದೀಪ ಇಡುವ ಒಂದು ಸಣ್ಣ ಮಾಡ ಇತ್ತು. ಅದರಲ್ಲಿ ಒಂದು ಗಂಟು ಇಟ್ಟು ಮಣ್ಣು ಮೆತ್ತಿ ಸಾರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಒಂದೇ ಹಿಡಿಸುತ್ತದೆ, ಇನ್ನೊಂದು ಒಲೆಗೆ.

ಎರಡೂ ಗಂಟು ನನ್ನ ಮುಂದೆ ಇಟ್ಟಳು. "ನಿಮ್ಮ ದೊಡ್ಡಪ್ಪಂದು ಯಾವ್ದು ನೋಡು. ಜಲ್ದಿ. ಅದು ಗ್ವಾಡ್ಯಾಗ ಇಡ್ತೇನಿ. ನಿಮ್ಮಪ್ಪನ ಕತಿ... ಏನ್ ಮಾಡೂದವ್ವ, ನಿಮ್ಮಪ್ಪ ಬದುಕಿ ಬಂದ್ರ ಮತ್ತ ಬರಿತಾನ."

ಗಂಟು ಬಿಚ್ಚಿ ನೋಡಿದೆ. ಒಂದರಲ್ಲಿ ಮೇಲಿಗೇ ಹಳದಿಯಾದ ರಸೀದಿಗಳು. ಇನ್ನೊಂದರಲ್ಲಿ ಅಪ್ಪನ ಅಕ್ಷರ. ಮುದಿರಾಜ ಕಣ್ಣು ಮುಚ್ಚಿದ ಪುಟ. ನಾಳೆ ಬೆಳಗಾದರೆ ಗಾದಿ ಮುಟ್ಟಬೇಕಾದ ನನ್ನ ರಾಜಕುಮಾರಿ ಆ ಪುಟದಲ್ಲಿ ಎದ್ದು ಕೂತಿದ್ದಳು. ಅವಳನ್ನು ಒಲೆಗೆ ಹಾಕುವುದು ನನ್ನಿಂದಾಗಲಿಲ್ಲ. ಹೆಣ್ಣಹುಡುಗಿಗೆ ಅಲಿಫ್ ಬೇ ಯಾಕೆ ಅಂದವನ ಕಾಗದ ಉಳಿಸಿ ಏನಾಗಬೇಕಿದೆ ಅಂದುಕೊಂಡದ್ದೂ ನಿಜ. ರಸೀದಿಯ ಗಂಟು ತೋರಿಸಿ, "ಇದು ಅಪ್ಪನ ಕತಿ" ಅಂದೆ.

ಅವ್ವ ನನ್ನ ಮಾತು ನಂಬಿದಳು. ಗಂಟನ್ನು ಹಣೆಗೆ ಒತ್ತಿಕೊಂಡು, "ತಪ್ಪಾತ್ರಿ" ಎಂದು ಇಲ್ಲದ ಅಪ್ಪನಿಗೆ ಹೇಳಿ, ನೀರೊಲೆಗೆ ಇಟ್ಟಳು. ಇನ್ನೊಂದು ಗೋಡೆಗೆ ಹೋಯಿತು. ಒಲೆಯ ಮುಂದೆ ಕೂತು ಅದು ಪೂರ್ತಿ ಉರಿಯುವವರೆಗೆ ಅವಳು ಏಳಲಿಲ್ಲ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅಪ್ಪನ ಕಥೆಗೆ ಅಳುತ್ತಿದ್ದಾಳೆ ಅಂದುಕೊಂಡೆ.

ಎಂಟು ಹತ್ತು ದಿನಕ್ಕೆ ಅಪ್ಪ ಬಂದ. ಎಕಂಬಾದ ಹತ್ತಿರ ಯಾರದೋ ಹೊಲದ ಗುಡಿಸಲಲ್ಲಿ ಅಡಗಿದ್ದು, ಜನವಾಡದ ಮೇಲಿಂದ ನಡೆದುಕೊಂಡೇ ಬಂದಿದ್ದ. ಮೊದಲು ನಮ್ಮನ್ನು ನೋಡಿದ, ಆಮೇಲೆ ಎದುರು ಮನೆಯ ಬಾಗಿಲನ್ನು ನೋಡಿದ. ಮರುದಿನದಿಂದ ಊರೆಲ್ಲ ಉಸ್ತಾದರನ್ನು ಹುಡುಕಿದವನು ಅವನೊಬ್ಬನೇ. ಸಿಗಲಿಲ್ಲ.

ದಸರೆಗೆ ದೊಡ್ಡಪ್ಪ ಬಂದ. ಹೊಸ ಸರಕಾರ ಪಾಟೀಲಕಿಗಳ ಹಕ್ಕು ಪರೀಕ್ಷೆ ಮಾಡುತ್ತಿದೆ, ದಾಯಾದಿಗಳು ಅರ್ಜಿ ಹಾಕಿದ್ದಾರೆ, ಸನದು ಬೇಕು. ಅಪ್ಪ ತೋರಿಸಿದ ಕಡೆ ಗೋಡೆಯ ಮಣ್ಣನ್ನು ತಾನೇ ಕುಡುಗೋಲಿನಿಂದ ಕೆರೆದು ಗಂಟು ತೆಗೆದ. ಅಷ್ಟು ದೊಡ್ಡ ಪಾಟೀಲನಿಗೆ ಸಹಿ ಮಾಡುವುದು ಬಿಟ್ಟರೆ ಓದಲು ಬರುತ್ತಿರಲಿಲ್ಲ. "ಓದೋ" ಎಂದು ಅಪ್ಪನ ಕೈಗೆ ಕೊಟ್ಟ. ಅಪ್ಪ ಗಂಟು ಬಿಚ್ಚಿದ. ಒಂದೊಂದೇ ಪುಟ ತಿರುವಿ, "ಅಣ್ಣಾ, ಇದು ನಂದು" ಅಂದ.

ದೊಡ್ಡಪ್ಪ ನನ್ನ ಕಡೆ ತಿರುಗಿದ. "ಕೇಳು ನಿಮ್ಮವ್ವಗ, ಎಲ್ಲಿ ಹೋತು ನನ್ನ ಕಾಗದ?" ನಾನು ನಡುವೆ ನಿಂತಿದ್ದೆ. ಬಾಗಿಲ ಮರೆಯಿಂದ ಅವ್ವನ ದನಿ ಬಂತು. "ಹೇಳು. ನನಗ ಗುರ್ತ ಹತ್ತಲಿಲ್ಲ, ನಾನೇ ಸುಟ್ಟೆ ಅಂತ ಹೇಳು." ಅದೇ ಮಾತನ್ನು ನಾನು ನನ್ನ ಬಾಯಿಂದ ಹೇಳಿದೆ. "ಅವ್ವಗ ಗುರ್ತ ಹತ್ತಲಿಲ್ಲಂತ. ಅವ್ವನೇ ಸುಟ್ಟಳಂತ."

"ಅಕ್ಷರ ಇಲ್ಲದಾಕಿ ಕೈಯಾಗ ಮನಿತನ ಕೊಟ್ಟೆ. ನನ್ನ ತಪ್ಪು" ಎಂದು ದೊಡ್ಡಪ್ಪ ಎದ್ದ. ಹೊಸ್ತಿಲು ದಾಟಿ ತಿರುಗಿ ನಿಂತು, "ಈ ಮನ್ಯಾಗ ಇನ್ನ ನೀರ ಸೈತ ಮುಟ್ಟೂದಿಲ್ಲ" ಅಂದ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ನನಗೆ ಓದಲು ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಕೇಳಲಿಲ್ಲ, ಆವತ್ತೂ ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ. ಗಂಟನ್ನು ಅಟ್ಟಕ್ಕೆ ಎಸೆದ. ಮುಂದೆ ಒಂದು ಸಾಲೂ ಬರೆಯಲಿಲ್ಲ. ಕಟ್ಟೆಯ ಮೇಲೆ ಕೂತು ಕೇಳುವವರು ಇಲ್ಲವಾಗಿದ್ದರು, ಗಾದಿಯ ಮಾತೇ ಅವನಿಗೆ ಸಾಕಾಗಿತ್ತು.

ಪಾಟೀಲಕಿ ದಾಯಾದಿಗಳ ಪಾಲಾಯಿತು. ಮುಂದೆ ಹೈದರಾಬಾದ ರಾಜ್ಯವೇ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಇನ್ನು ಕೆಲವು ವರ್ಷಕ್ಕೆ ಸರಕಾರ ಪಾಟೀಲಕಿಯನ್ನೇ ತೆಗೆದು ಹಾಕಿ ತಲಾಠಿ ಎಂಬ ಊರ ಲೆಕ್ಕಿಗರನ್ನು ಕೂಡಿಸಿತು. ಗೆದ್ದವರ ಕೈಯಲ್ಲೂ ಏನೂ ಉಳಿಯಲಿಲ್ಲ. ಗಾದಿ ಹೋದರೂ ಸಿಟ್ಟು ಮಾತ್ರ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ನೆಂಟರು ಅವ್ವನ ಕಡೆ ಬೆರಳು ತೋರಿಸಿ, "ಪಾಟೀಲಕಿ ಒಲಿಗಿ ಹಾಕಿದಾಕಿ" ಅನ್ನುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ಬಡಿಸುತ್ತಿದ್ದಳು. ನಾನು ಪಂಕ್ತಿಯಲ್ಲಿ ತಲೆ ತಗ್ಗಿಸಿ ಉಣ್ಣುತ್ತಿದ್ದೆ. ನಿಜ ಮಾತ್ರ ಹೇಳುತ್ತಿರಲಿಲ್ಲ. ಹತ್ತು ವರ್ಷದ ಹುಡುಗಿ ಹೇಳಿದ ಸುಳ್ಳಿಗೆ ಕ್ಷಮೆ ಇರಬಹುದು. ಇಪ್ಪತ್ತಕ್ಕೆ, ಮೂವತ್ತಕ್ಕೆ ಮುಚ್ಚಿಟ್ಟದ್ದಕ್ಕೆ ಏನು ಹೇಳಲಿ?

ಅಪ್ಪ ತೀರಿಕೊಂಡ. ಮಣ್ಣಿಗೆ ದೊಡ್ಡಪ್ಪ ಬಂದ, ತಮ್ಮನ ಪಾದ ಮುಟ್ಟಿ ಅತ್ತ. ನೀರು ಕುಡಿಯದೆ ಹೋದ.

ಅದಾಗಿ ಎಷ್ಟೋ ವರ್ಷ. ನಾನು ಬೀದರಿನಲ್ಲೇ ಶಾಲೆಯ ಶಿಕ್ಷಕಿಯಾಗಿದ್ದೆ. ಗಂಡನ ಮನೆ ಎರಡು ಓಣಿ ಆಚೆ, ಶಾಲೆ ಬಿಟ್ಟ ಮೇಲೆ ದಿನಾ ಅವ್ವನ ಹತ್ತಿರ ಬರುತ್ತಿದ್ದೆ. ಒಂದು ಮಧ್ಯಾಹ್ನ ಬಂದರೆ ಕಟ್ಟೆಯ ಮೇಲೆ, ಉಸ್ತಾದರು ಕೂರುತ್ತಿದ್ದ ಜಾಗದಲ್ಲಿ, ದೊಡ್ಡಪ್ಪ ಕೂತಿದ್ದ. ಮೀಸೆ ಪೂರ್ತಿ ಬೆಳ್ಳಗೆ. ಕಣ್ಣಿನ ಔಷಧಕ್ಕೆ ಬಂದು ಮಠದಲ್ಲಿ ಇಳಿದಿದ್ದನಂತೆ. ಪಕ್ಕದಲ್ಲಿ ತಾನೇ ತಂದ ತಾಮ್ರದ ತಂಬಿಗೆ. ಆಣೆ ಇನ್ನೂ ಜಾರಿಯಲ್ಲಿತ್ತು.

"ಆ ಪುಸ್ತಕ ಅದನ?" ಎಂದು ಕೇಳಿದ.

"ಅದ, ದೊಡ್ಡಪ್ಪ."

"ಓದು. ನನ್ನ ಪಾಟೀಲಕಿ ತಿಂದದ್ದು ಅದರಾಗ ಏನ್ ಅದ ನೋಡ್ತೇನಿ."

ಓದಿದೆ. ಐದಾರು ಮಧ್ಯಾಹ್ನ ಓದಿದೆ. ಅವ್ವ ಎಂದಿನಂತೆ ಬಾಗಿಲ ಹಿಂದೆ. ಮೊದಲ ದಿನ ದೊಡ್ಡಪ್ಪ ಹೂಂಗುಟ್ಟಲಿಲ್ಲ. ಎರಡನೆಯ ದಿನ ಹುಲಿ ಏರಿದ ಹಿರಿಯ ಮಗ ಕೆಮ್ಮುವುದು, ಸಿಟ್ಟು ಬಂದಾಗ ಎಡಮೀಸೆ ಮಾತ್ರ ತಿರುವುವುದು ಬಂದಾಗ, "ಈ ದೊಡ್ಡಾವ ನಾನೇ ಹೌದಲ್ಲ? ಕಳ್ಳ!" ಅಂದ. ಮತ್ತೊಂದು ದಿನ, ಕೆಂಡದ ನದಿ ದಾಟುವ ಭಾಗ ಬಂತು. ಹಿರಿಯವನು ಕಿರಿಯವನನ್ನು ಹೆಗಲ ಮೇಲೆ ಹೊತ್ತು ದಾಟುತ್ತಾನೆ. ಕಾಲು ಸುಡುತ್ತಿದ್ದರೂ ತಮ್ಮನಿಗೆ ಗೊತ್ತಾಗಬಾರದೆಂದು ಹಾಡು ಹೇಳುತ್ತಾನೆ. ದೊಡ್ಡಪ್ಪ ಕೈ ಎತ್ತಿ ನಿಲ್ಲಿಸಿದ. "ಮಾಂಜರಾ ಹೊಳಿ ಅದು. ತುಂಬಿ ಹರಿತಿತ್ತು. ಸಣ್ಣಾವಿದ್ದ, ಹೆಗಲ ಮ್ಯಾಲ ಕುಂದ್ರಿಸ್ಕೊಂಡಿದ್ದೆ. ನನ್ನ ಕಾಲಿಗಿ ಕಲ್ಲು ಬಡದು ರಕ್ತ ಬಂದಿತ್ತು. ಆವ ನೋಡಿಲ್ಲ ಅಂದ್ಕೊಂಡಿದ್ದೆ." ಧೋತರದ ಚುಂಗಿನಿಂದ ಕಣ್ಣು ಒತ್ತಿಕೊಂಡ. ಔಷಧದ ಕಣ್ಣು, ಒರೆಸಬಾರದು ಅನ್ನಬೇಕಿತ್ತು, ಅನ್ನಲಿಲ್ಲ.

ಕೊನೆಯ ಮಧ್ಯಾಹ್ನ ಮುದಿರಾಜ ಕಣ್ಣು ಮುಚ್ಚಿದ ಪುಟ ಓದಿ ಗಂಟು ಕಟ್ಟಿದೆ.

"ಮುಂದ?"

"ಇಷ್ಟೇ ಅದ, ದೊಡ್ಡಪ್ಪ. ಅಪ್ಪ ಮುಂದ ಬರಿಲಿಲ್ಲ."

"ಹಂಗಾದ್ರ ಗಾದಿ ಯಾರಿಗಿ ಸಿಕ್ತು?"

ಆ ಪ್ರಶ್ನೆಗಾಗಿಯೇ ನಾನು ಹತ್ತು ವರ್ಷದವಳಿದ್ದಾಗ ಒಂದು ಮನೆತನವನ್ನು ಒಲೆಗೆ ಹಾಕಿಸಿದ್ದೆ. ನನ್ನ ಅಂಗೈ ನೋಡಿಕೊಂಡೆ. ಇನ್ನು ತಡೆಯಲಾಗಲಿಲ್ಲ. "ದೊಡ್ಡಪ್ಪ, ಅವ್ವ ತಪ್ಪು ಮಾಡ್ಲಿಲ್ಲ. ಯಾವ್ದು ಯಾರ್ದು ಅಂತ ಆಕಿ ನನಗ ಕೇಳಿದ್ಲು. ನನಗ ಓದ್ಲಿಕ್ಕಿ ಬರ್ತಿತ್ತು. ನಾ ಖರೆ ಹೇಳ್ಲಿಲ್ಲ. ನಿಮ್ಮ ಗಂಟೇ ಅಪ್ಪನ ಕತಿ ಅಂತ ತೋರ್ಸಿದೆ. ಅವ್ವಗ ಇದು ಇವತ್ತಿನ ತನಾ ಗೊತ್ತಿಲ್ಲ."

"ಗೊತ್ತದ."

ಬಾಗಿಲ ಮರೆಯಿಂದ ಅವ್ವ ಹೊರಗೆ ಬಂದಿದ್ದಳು. ಸೆರಗು ತಲೆಯ ಮೇಲಿತ್ತು, ಮುಖ ಮುಚ್ಚಿರಲಿಲ್ಲ. ನನ್ನ ಕಡೆ ತಿರುಗಲಿಲ್ಲ, "ಹೇಳು ನಿಮ್ಮ ದೊಡ್ಡಪ್ಪಗ" ಅನ್ನಲಿಲ್ಲ. ಜೀವನದಲ್ಲಿ ಮೊದಲ ಸಲ ಭಾವನ ಜೊತೆ ನೇರ ಮಾತಾಡಿದಳು.

"ಮ್ಯಾಲಿನ ಕಾಗದ ಸುಟ್ಟ ಮ್ಯಾಲ ತಳದಾಗಿಂದು ಕಾಣ್ತುರಿ. ಬೆಳ್ಳಿ ರೂಪಾಯಿದಷ್ಟು ದೊಡ್ಡ ಮೊಹರು ಇತ್ತು. ಕತಿಗಿ ಯಾರು ಮೊಹರು ಹಾಕ್ತಾರ್ರಿ? ತಿಳಿತು. ಕೈ ಹಾಕ್ದೆ, ಆಗ್ಲೇ ಬೂದಿ ಆಗಿತ್ತು." ಬಲಗೈ ಮುಂದೆ ಚಾಚಿದಳು. ಬೆರಳ ತುದಿಯ ಆ ಸುಟ್ಟ ಕಲೆ ರೊಟ್ಟಿಯ ಹಂಚಿನದು ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ. "ಮಗಳು ಮಾಡ್ಯಾಳಂತ ಹೇಳಿದ್ರ, ಆಕಿ ಓದೂದು ನೀವು ಅವತ್ತೇ ನಿಲ್ಲಿಸ್ತಿದ್ರಿ. ನನಗ ಹ್ಯಾಂಗೂ ಅಕ್ಷರ ಇರ್ಲಿಲ್ಲ. ಆ ಮಾತು ನನಗೇ ಹತ್ಲಿ ಅಂತ ಸುಮ್ಮನಿದ್ದೆ."

ದೊಡ್ಡಪ್ಪನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ದನಿ ಬಂದ ಕಡೆ ಮುಖ ಎತ್ತಿ ಕೂತಿದ್ದ. ಎಡಮೀಸೆಗೆ ಹೋದ ಕೈ ಅಲ್ಲಿಂದ ಹಾಗೆಯೇ ಕೆಳಗಿಳಿಯಿತು.

"ಯವ್ವಾ, ಒಂದ್ ತಂಬಿಗಿ ನೀರ ಕೊಡು" ಅಂದ.

ಅವನ ಪಕ್ಕದಲ್ಲೇ ಅವನ ತಂಬಿಗೆ ತುಂಬಿತ್ತು. ಅವ್ವ ಒಳಗೆ ಹೋಗಿ ಮನೆಯ ತಂಬಿಗೆಯಲ್ಲಿ ನೀರು ತಂದು ಅವನ ಎರಡೂ ಕೈಗೆ ಕೊಟ್ಟಳು. ಎತ್ತಿ ಗಟಗಟ ಕುಡಿದ. ಬಾಯಿ ಒರೆಸಿಕೊಂಡು ತಂಬಿಗೆಯನ್ನು ಮತ್ತೆ ಮುಂದೆ ಹಿಡಿದ.

"ಇನ್ನೊಂದೀಟು ಕೊಡವ್ವ" ಅಂದ.